ಕಣ್ಣಿಗೆ ಕಾಣುವ ಪಿಯಾನೋ ನಾದ

ಕಪ್ಪು ತೆರೆ. ಅದರ ಬಲಬದಿಯಿಂದ ಎಡಕ್ಕೆ ಬಣ್ಣದ ಚಿಕ್ಕ ಚಿಕ್ಕ ಪಟ್ಟಿಗಳು ಮೆಲ್ಲನೆ ಸರಿಯುತ್ತಿವೆ. ನಡುವಿಗೆ ಬಂದ ಪಟ್ಟಿ ಒಮ್ಮೆ ಬೆಳಗುತ್ತದೆ. ಬೆಳಗಿದ ಆ ಕ್ಷಣದಲ್ಲೇ ಪಿಯಾನೋದ ಒಂದು ಸ್ವರ ಕೇಳಿಸುತ್ತದೆ. ಮೇಲಿರುವ ಪಟ್ಟಿ ಏರುದನಿ, ಕೆಳಗಿರುವುದು ತಗ್ಗುದನಿ. ಉದ್ದದ ಪಟ್ಟಿ ದೀರ್ಘ, ಗಿಡ್ಡದ ಪಟ್ಟಿ ಹ್ರಸ್ವ. ನಿಯಮ ಇಷ್ಟೇ. ಯಾರೂ ಪಾಠ ಹೇಳಬೇಕಾಗಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಮಗು ಕೂಡ ಒಂದೆರಡು ನಿಮಿಷದಲ್ಲಿ ಇದನ್ನು ತಾನಾಗಿಯೇ ಕಂಡುಕೊಳ್ಳುತ್ತದೆ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಮುಚ್ಚಿದ ಬಾಗಿಲು. ನಮ್ಮ ಭಜನಾ ಮಂದಿರಗಳಲ್ಲಿ ಹಾರ್ಮೋನಿಯಂ ಉಂಟು, ಪಿಯಾನೋ ಎಲ್ಲುಂಟು? ರಾಗದ ಎಳೆ ಹಿಡಿದು ಕೇಳಿ ಬೆಳೆದ ಕಿವಿಗೆ, ಏಕಕಾಲದಲ್ಲಿ ನಾಲ್ಕಾರು ಸ್ವರಗಳು ಮೊಳಗುವ ಆ ಸಂಗೀತ ಮೊದಲಿಗೆ ಬರಿಯ ಗದ್ದಲವಾಗಿ ತೋರುವುದೂ ಸಹಜ. ಈ ಬಾಗಿಲನ್ನು ಕಂಪ್ಯೂಟರಿನ ಚಿತ್ರ ತೆರೆಯಬಲ್ಲುದೇ, ತೆರೆದರೆ ಎಷ್ಟರ ಮಟ್ಟಿಗೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಪಿಯಾನೋ ಎಂಬ ವಾದ್ಯ

ಪಿಯಾನೋದ ಹುಟ್ಟೂರು ಇಟಲಿಯ ಫ್ಲಾರೆನ್ಸ್. ಸುಮಾರು 1700ನೇ ಇಸವಿಯ ಹೊತ್ತಿಗೆ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬ ಕುಶಲಿ ಇದನ್ನು ನಿರ್ಮಿಸಿದ. ಅದಕ್ಕೆ ಹಿಂದಿನ ಹಾರ್ಪ್ಸಿಕಾರ್ಡಿನಲ್ಲಿ ಮನೆಯನ್ನು ಎಷ್ಟು ಬಲವಾಗಿ ಒತ್ತಿದರೂ ತಂತಿಯ ದನಿ ಹೆಚ್ಚುಕಡಿಮೆ ಒಂದೇ. ಕ್ರಿಸ್ತೊಫೊರಿ ತಂತಿಯನ್ನು ಮೀಟುವ ಬದಲು ಪುಟ್ಟ ಸುತ್ತಿಗೆಯಿಂದ ಬಡಿಯುವ ಉಪಾಯ ಹೂಡಿದ. ಬೆರಳು ಮೆಲ್ಲಗೆ ಬಿದ್ದರೆ ಮೆಲುದನಿ, ಬಲವಾಗಿ ಬಿದ್ದರೆ ಗಟ್ಟಿ ದನಿ. ‘ಪಿಯಾನೋಫೋರ್ಟೆ’ ಎಂಬ ಪೂರ್ಣ ಹೆಸರಿನ ಅರ್ಥವೇ ‘ಮೆಲು-ಗಟ್ಟಿ’ ಎಂದು.

ಇಂದಿನ ಪಿಯಾನೋದಲ್ಲಿ 88 ಮನೆಗಳು: ಬಿಳಿಯವು 52, ಕಪ್ಪು 36. ತಗ್ಗಿನ ಸ್ವರ ಸೆಕೆಂಡಿಗೆ 27.5 ಕಂಪನಗಳದ್ದಾದರೆ, ತುದಿಯ ಸ್ವರ 4186 ಕಂಪನಗಳದ್ದು. ಇಷ್ಟು ವಿಸ್ತಾರದ ವಾದ್ಯಕ್ಕೆ ಒಂದು ಕೊರತೆಯೂ ಉಂಟು. ಒಂದು ಮನೆಯಿಂದ ಇನ್ನೊಂದಕ್ಕೆ ಜಾರಲು ಬಾರದು. ವೀಣೆಯ ತಂತಿಯನ್ನೆಳೆದು ತೆಗೆಯುವ ಗಮಕ ಪಿಯಾನೋದಲ್ಲಿ ಸಾಧ್ಯವಿಲ್ಲ. ಒತ್ತಿದ ಮನೆಯ ಸ್ವರ ಒತ್ತಿದಲ್ಲೇ ನಿಂತಿರುತ್ತದೆ.

ಆದರೆ ಚಿತ್ರ ಬರೆಯುವವನಿಗೆ ಈ ಕೊರತೆಯೇ ವರ. ಯಾವ ಮನೆ, ಯಾವಾಗ ಒತ್ತಿದ್ದು, ಯಾವಾಗ ಬಿಟ್ಟದ್ದು, ಎಷ್ಟು ಬಲದಿಂದ – ಈ ನಾಲ್ಕು ಸಂಗತಿ ತಿಳಿದರೆ ಪಿಯಾನೋದ ಮೇಲೆ ಬೆರಳುಗಳು ಮಾಡಿದ ಕೆಲಸದ ಲೆಕ್ಕ ಮುಗಿಯಿತು. ಇಷ್ಟು ಸುಲಭವಾಗಿ ಅಂಕಿಗಿಳಿಯುವ ವಾದ್ಯ ಬೇರೆ ಹೆಚ್ಚಿಲ್ಲ.

ತೂತುಗಳ ಸುರುಳಿ

ಗಣಕಯಂತ್ರಕ್ಕಿಂತ ಬಹಳ ಮೊದಲೇ ಈ ಲೆಕ್ಕವನ್ನು ಕಾಗದಕ್ಕಿಳಿಸಿದವರಿದ್ದರು. 1895ರಲ್ಲಿ ಅಮೆರಿಕದ ಎಡ್ವಿನ್ ವೋಟಿ ಎಂಬವರು ‘ಪಿಯಾನೋಲಾ’ ಎಂಬ ಯಂತ್ರ ರಚಿಸಿದರು. ಉದ್ದನೆಯ ಕಾಗದದ ಸುರುಳಿ; ಅದರಲ್ಲಿ ತೂತುಗಳು. ಕಾಲಿನಿಂದ ತಿದಿಯೊತ್ತಿದಂತೆ ಸುರುಳಿ ಬಿಚ್ಚಿಕೊಳ್ಳುತ್ತದೆ. ತೂತು ಬಂದಲ್ಲಿ ಗಾಳಿ ನುಗ್ಗಿ ಆಯಾ ಮನೆಯನ್ನು ಒತ್ತಿಸುತ್ತದೆ. ತೂತಿನ ಸ್ಥಾನ ಯಾವ ಸ್ವರವೆಂಬುದನ್ನು, ಅದರ ಉದ್ದ ಎಷ್ಟು ಹೊತ್ತೆಂಬುದನ್ನು ಹೇಳುತ್ತದೆ. 1904ರಲ್ಲಿ ಜರ್ಮನಿಯ ವೆಲ್ಟೆ ಸಂಸ್ಥೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಕಲಾವಿದನೊಬ್ಬ ನುಡಿಸುವಾಗಿನ ಮೆಲು-ಗಟ್ಟಿಯ ಭೇದವನ್ನೂ ಸುರುಳಿಯಲ್ಲಿ ಹಿಡಿದಿಡುವ ಯಂತ್ರ ಅದು. ಫ್ರಾನ್ಸಿನ ರಚನಕಾರ ಕ್ಲೋದ್ ದೆಬ್ಯುಸಿ ತಾನೇ ಕುಳಿತು ನುಡಿಸಿದ ಸುರುಳಿಗಳು ಇಂದಿಗೂ ಉಳಿದಿವೆ.

ಆ ಸುರುಳಿಯನ್ನು ಅಡ್ಡಲಾಗಿ ತಿರುಗಿಸಿ ನೋಡಿ. ನಾವು ಆರಂಭದಲ್ಲಿ ಹೇಳಿದ ತೆರೆಯ ಚಿತ್ರವೇ ಅಲ್ಲವೇ? ಚಿತ್ರ ಅಲ್ಲೇ ಇತ್ತು. ಆದರೆ ಯಂತ್ರ ಓದಲೆಂದು ಮಾಡಿದ್ದನ್ನು ಮನುಷ್ಯ ಓದಬಹುದೆಂದು ಹೊಳೆಯಲು ಕಾಲ ಹಿಡಿಯಿತು. ಇಂದು ಸಂಗೀತದ ಕೆಲಸಕ್ಕೆ ಬಳಸುವ ಗಣಕ ತಂತ್ರಾಂಶಗಳಲ್ಲೂ ಇಂಥ ನೋಟಕ್ಕೆ ‘ಪಿಯಾನೋ ರೋಲ್’, ಅಂದರೆ ಪಿಯಾನೋ ಸುರುಳಿ, ಎಂಬ ಹಳೆಯ ಹೆಸರೇ ನಿಂತಿದೆ.

ಬಣ್ಣದ ಹಂಬಲ

ನಾದವನ್ನು ಕಣ್ಣಿಗೆ ತೋರಿಸುವ ಹಂಬಲವಂತೂ ಮುನ್ನೂರು ವರ್ಷ ಹಳತು. 1725ರಲ್ಲಿ ಫ್ರಾನ್ಸಿನ ಪಾದ್ರಿ ಲೂಯಿ ಬರ್ತ್ರಾಂ ಕಾಸ್ತೆಲ್ ಎಂಬಾತ ಒಂದೊಂದು ಮನೆಗೆ ಒಂದೊಂದು ಬಣ್ಣ ತೋರುವ ವಾದ್ಯದ ಕಲ್ಪನೆಯನ್ನು ಮುಂದಿಟ್ಟ. ರಷ್ಯದ ಸ್ಕ್ರಿಯಾಬಿನ್ ತನ್ನ ‘ಪ್ರೊಮಿಥಿಯಸ್’ ಕೃತಿಯಲ್ಲಿ ಬೆಳಕಿಗೆಂದೇ ಪ್ರತ್ಯೇಕ ಸಾಲು ಬರೆದ. 1915ರಲ್ಲಿ ನ್ಯೂಯಾರ್ಕಿನಲ್ಲಿ ಅದು ಬಣ್ಣದ ಬೆಳಕಿನೊಂದಿಗೆ ಪ್ರದರ್ಶಿತವಾಯಿತು. ಜರ್ಮನಿಯಿಂದ ಅಮೆರಿಕಕ್ಕೆ ಹೋದ ಚಿತ್ರಕಾರ ಆಸ್ಕರ್ ಫಿಶಿಂಗರ್ 1938ರಲ್ಲಿ, ಮೂಲತಃ ಪಿಯಾನೋಗೆಂದು ಲಿಸ್ಟ್ ರಚಿಸಿದ ಎರಡನೆಯ ಹಂಗೇರಿಯನ್ ರಾಪ್ಸೊಡಿಯ ವಾದ್ಯವೃಂದದ ರೂಪಕ್ಕೆ ಕಾಗದದ ವೃತ್ತಗಳನ್ನು ಕುಣಿಸಿ ಕಿರುಚಿತ್ರ ತೆಗೆದ. 1940ರಲ್ಲಿ ಬಂದ ಡಿಸ್ನಿಯವರ ‘ಫ್ಯಾಂಟೇಸಿಯಾ’ ಚಿತ್ರವನ್ನು ಕೆಲವು ಓದುಗರಾದರೂ ನೋಡಿರಬಹುದು.

ಇವೆಲ್ಲ ಸೊಗಸಾದ ಪ್ರಯೋಗಗಳೇ. ಆದರೆ ಇವುಗಳಲ್ಲಿ ಕಾಣುವುದು ಸಂಗೀತ ಕೇಳಿ ಚಿತ್ರಕಾರನ ಮನಸ್ಸಿಗೆ ಬಂದದ್ದು. ಸಂಗೀತದಲ್ಲಿ ನಿಜವಾಗಿ ಏನು ನಡೆಯುತ್ತಿದೆ ಎಂಬುದನ್ನು ಸ್ವರ ಸ್ವರವಾಗಿ ತೋರಿಸುವುದು ಬೇರೆಯೇ ಕೆಲಸ.

ಮಲಿನೊವ್‌ಸ್ಕಿಯವರ ಯಂತ್ರ

ಆ ಕೆಲಸಕ್ಕೆ ಜೀವಮಾನ ಸವೆಸಿದವರಲ್ಲಿ ಅಮೆರಿಕದ ಸ್ಟೀಫನ್ ಮಲಿನೊವ್‌ಸ್ಕಿ ಪ್ರಮುಖರು. ಸಂಗೀತ ರಚನೆಯನ್ನು ಅಭ್ಯಾಸ ಮಾಡಿದವರು. 1974ರಲ್ಲಿ ಬಾಖ್‌ನ ಒಂಟಿ ವಯೊಲಿನ್ ಸಂಗೀತವನ್ನು ಕೇಳುತ್ತಿದ್ದಾಗ, ಎದುರಿನ ಸ್ವರಲಿಪಿಯ ಅಕ್ಷರಗಳೇ ನಾದದೊಂದಿಗೆ ಕುಣಿಯುವಂತೆ ಅವರಿಗೆ ಭ್ರಮೆಯಾಯಿತಂತೆ. ಭ್ರಮೆ ಇಳಿಯಿತು, ಯೋಚನೆ ಉಳಿಯಿತು.

ಪಾಶ್ಚಾತ್ಯ ಸ್ವರಲಿಪಿ ಐದು ಗೆರೆಗಳದ್ದು. ಪಿಯಾನೋಗೆ ಅಂಥ ಎರಡು ಸಾಲು, ಸಾಮಾನ್ಯವಾಗಿ ಬಲಗೈಗೊಂದು, ಎಡಗೈಗೊಂದು. ಸ್ವರದ ಏರಿಳಿತ ಗೆರೆಗಳ ಮೇಲಿನ ಸ್ಥಾನದಿಂದ ತಕ್ಕಮಟ್ಟಿಗೆ ಕಾಣುತ್ತದೆ. ಆದರೆ ಕಾಲ ಕಾಣುವುದಿಲ್ಲ. ಸ್ವರದ ತಲೆ ಟೊಳ್ಳೋ ತುಂಬಿದ್ದೋ, ಅದಕ್ಕೆ ಬಾಲವಿದೆಯೇ, ಬಾಲಕ್ಕೆ ಕೊಕ್ಕೆ ಎಷ್ಟು ಎಂದು ನೋಡಿ ಲೆಕ್ಕ ಹಾಕಬೇಕು. ನಮ್ಮ ಕರ್ನಾಟಕ ಸಂಗೀತದ ಪುಸ್ತಕಗಳಲ್ಲೂ ಹೀಗೆಯೇ. ಸರಿಗಮ ಎಂಬ ಅಕ್ಷರಗಳು ಒಂದೇ ಸಾಲಿನಲ್ಲಿ ಕುಳಿತಿರುತ್ತವೆ. ಮೇಲೆ ಚುಕ್ಕೆಯಿದ್ದರೆ ತಾರಸ್ಥಾಯಿ, ಕೆಳಗಿದ್ದರೆ ಮಂದ್ರ, ಅಲ್ಪವಿರಾಮ ಬಂದರೆ ಒಂದು ಅಕ್ಷರಕಾಲದ ವಿಸ್ತಾರ. ಬಲ್ಲವರಿಗೆ ಎಲ್ಲವೂ ಅಲ್ಲಿದೆ. ಬಾರದವರಿಗೆ ಏನೂ ಇಲ್ಲ.

ಮಲಿನೊವ್‌ಸ್ಕಿ ಮಾಡಿದ್ದು ಸರಳ. ಗೆರೆ, ಬಾಲ, ಕೊಕ್ಕೆಗಳನ್ನು ತೆಗೆದುಹಾಕಿದರು. ಸ್ವರವೊಂದಕ್ಕೆ ಪಟ್ಟಿಯೊಂದು, ಪಟ್ಟಿಯ ಉದ್ದವೇ ಕಾಲ. ಮೊದಲು ಕಾಗದದ ಮೇಲೆ ಕೈಯಿಂದಲೇ ಬಿಡಿಸಿದರು. ಆದರೆ ಕಾಗದದ ಮೇಲೆ ಕಣ್ಣು ಎಲ್ಲಿರಬೇಕು ಎಂದು ಹೇಳುವವರಾರು? ಚಿತ್ರ ತಾನೇ ಚಲಿಸಬೇಕು, ನುಡಿಯುತ್ತಿರುವ ಸ್ವರ ತಾನೇ ಬೆಳಗಬೇಕು. 1985ರ ಸುಮಾರಿಗೆ ಗಣಕಯಂತ್ರಕ್ಕೆ ಕ್ರಮವಿಧಿ ಬರೆದು ಅದನ್ನು ಸಾಧಿಸಿದರು. ‘ಮ್ಯೂಸಿಕ್ ಆ್ಯನಿಮೇಷನ್ ಮೆಷಿನ್’ ಎಂದು ಅದಕ್ಕೆ ಹೆಸರು.

ಕಾಲವೂ ಅನುಕೂಲಕ್ಕೆ ಬಂದಿತ್ತು. 1983ರಲ್ಲಿ, ಬೇರೆ ಬೇರೆ ಕಂಪೆನಿಗಳ ವಿದ್ಯುನ್ಮಾನ ವಾದ್ಯಗಳು ಒಂದಕ್ಕೊಂದು ಮಾತಾಡಲೆಂದು ‘ಮಿಡಿ’ ಎಂಬ ಸಂಕೇತ ಪದ್ಧತಿ ಜಾರಿಗೆ ಬಂದಿತ್ತು. ಇದರಲ್ಲಿ ಪಿಯಾನೋದ ಮೊದಲ ಮನೆಗೆ 21, ಕೊನೆಯ ಮನೆಗೆ 108 ಎಂಬ ಸಂಖ್ಯೆ. ಒತ್ತಿದ ವೇಗಕ್ಕೆ 127ರ ತನಕ ಅಂಕಿ. ಮನೆ ಒತ್ತಿದಾಗ ಒಂದು ಸಂದೇಶ, ಬಿಟ್ಟಾಗ ಇನ್ನೊಂದು. ಕಂಪ್ಯೂಟರಿಗೆ ಇಷ್ಟು ಸಾಕು. ಪಟ್ಟಿ ಎಳೆಯುವುದು ಅದಕ್ಕೆ ಮಕ್ಕಳಾಟ.

ಆದರೆ ನೋಡುವವರು ಬೇಕಲ್ಲ? ಮಲಿನೊವ್‌ಸ್ಕಿಯವರ ಚಿತ್ರಗಳು 1990ರ ದಶಕದಲ್ಲಿ ವಿಡಿಯೋ ಕ್ಯಾಸೆಟ್ಟಿನ ರೂಪದಲ್ಲಿದ್ದುವು. 2005ರಲ್ಲಿ ಯೂಟ್ಯೂಬ್ ಆರಂಭವಾದ ಮೇಲಷ್ಟೇ ಅವು ಲೋಕವನ್ನು ತಲುಪಿದುವು. ಇಂದು ಅವರ ಪಟ್ಟಿಗಳನ್ನು ನೋಡಿದವರ ಸಂಖ್ಯೆ ಕೋಟಿಗಳಲ್ಲಿದೆ. 2011ರಲ್ಲಿ ಐಸ್‌ಲೆಂಡಿನ ಪ್ರಖ್ಯಾತ ಗಾಯಕಿ ಬ್ಯೋರ್ಕ್ ತನ್ನ ‘ಬಯೋಫಿಲಿಯಾ’ ಯೋಜನೆಗೂ ಅವರಿಂದ ಚಿತ್ರ ಮಾಡಿಸಿಕೊಂಡಳು. ಭ್ರಮೆಯಿಂದ ಮನ್ನಣೆಯವರೆಗೆ ಮೂವತ್ತು ವರ್ಷಗಳ ಕಾಯುವಿಕೆ!

ಕಂಡದ್ದೇನು?

ಇನ್ನು ಕೃತಿಗಳಿಗೆ ಬರೋಣ. ಬಾಖ್ 1722ರಲ್ಲಿ ಸಂಕಲಿಸಿದ ‘ವೆಲ್-ಟೆಂಪರ್ಡ್ ಕ್ಲೇವಿಯರ್’ ಪುಸ್ತಕದ ಮೊದಲ ರಚನೆ ಒಂದು ಪುಟ್ಟ ಪ್ರಿಲ್ಯೂಡ್; 35 ಆವರ್ತಗಳದ್ದು. ತೆರೆಯ ಮೇಲೆ ಅದು ಮೆಟ್ಟಿಲುಗಳ ಸಾಲಿನಂತೆ ಕಾಣುತ್ತದೆ. ಐದು ಸ್ವರ ಏರುತ್ತದೆ, ಕೊನೆಯ ಮೂರು ಮತ್ತೊಮ್ಮೆ ಬರುತ್ತವೆ. ಇದೇ ಎರಡು ಸಲ. ಮುಂದಿನ ಆವರ್ತದಲ್ಲಿ ಆಕಾರ ಅದೇ, ಆದರೆ ಒಂದೆರಡು ಪಟ್ಟಿಗಳು ತುಸು ಸರಿದಿವೆ. ಕಿವಿಗೆ ‘ಏನೋ ಬದಲಾಯಿತು’ ಎಂದಷ್ಟೇ ಅನಿಸಿದ್ದನ್ನು ಕಣ್ಣು ಬೆರಳಿಟ್ಟು ತೋರಿಸುತ್ತದೆ. ಮೆಟ್ಟಿಲುಗಳು ಮೆಲ್ಲ ಮೆಲ್ಲನೆ ಕೆಳಕ್ಕಿಳಿಯುತ್ತವೆ. ಕೊನೆಯ ಭಾಗದಲ್ಲಿ ಎಲ್ಲಕ್ಕಿಂತ ತಳದ ಪಟ್ಟಿ ಎಂಟು ಆವರ್ತಗಳ ತನಕ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಮೇಲಿನವು ಮಾತ್ರ ಒದ್ದಾಡುತ್ತವೆ. ಮನೆಗೆ ಮರಳುವ ಮುನ್ನ ಹೊಸ್ತಿಲಲ್ಲಿ ನಿಂತಂತೆ ಆ ನಿಲುಗಡೆ. ಬಳಿಕ ಷಡ್ಜಕ್ಕೆ ಇಳಿಯುವಾಗಿನ ಸಮಾಧಾನ ಎಲ್ಲಿಂದ ಬಂತೆಂದು ಆಗ ತಿಳಿಯುತ್ತದೆ.

ಅದೇ ಪುಸ್ತಕದಲ್ಲಿ ಸಿ ಮೈನರ್ ಸ್ವರದ ಫ್ಯೂಗ್ ಒಂದಿದೆ. ಫ್ಯೂಗ್ ಎಂದರೆ ಒಬ್ಬ ಆಡಿದ ಮಾತನ್ನು ಎರಡನೆಯವ, ಆಮೇಲೆ ಮೂರನೆಯವ ಎತ್ತಿಕೊಳ್ಳುವ ರಚನೆ. ಅಷ್ಟರಲ್ಲಿ ಮೊದಲನೆಯವ ಸುಮ್ಮನಿರುವುದಿಲ್ಲ, ಬೇರೆ ಮಾತು ಹೂಡಿರುತ್ತಾನೆ. ಇಲ್ಲಿ ಮೂರು ದನಿಗಳು. ಮಾತನ್ನು ಮೊದಲು ಹೇಳುವುದು ನಡುವಿನ ದನಿ, ಬಳಿಕ ಮೇಲಿನದು, ಕೊನೆಗೆ ತಳದ್ದು. ಇಬ್ಬರ ಹತ್ತು ಬೆರಳಲ್ಲ, ಒಬ್ಬನ ಹತ್ತು ಬೆರಳು ಮೂರು ಜನರಾಗಿ ಮಾತಾಡಬೇಕು. ಅಭ್ಯಾಸವಿಲ್ಲದ ಕಿವಿ ಇಲ್ಲಿ ಕಳೆದುಹೋಗುತ್ತದೆ. ಆದರೆ ಪ್ರತಿ ದನಿಗೂ ಒಂದೊಂದು ಬಣ್ಣ ಕೊಟ್ಟರೆ? ಕೆಂಪಿನಲ್ಲಿ ಕಂಡ ಆಕೃತಿಯೇ ನೀಲಿಯಲ್ಲಿ, ಬಳಿಕ ಹಸಿರಿನಲ್ಲಿ ತಲೆಯೆತ್ತುತ್ತದೆ. ‘ಅಗೋ ಬಂತು’ ಎಂದು ಮನಸ್ಸು ಕಾಯತೊಡಗುತ್ತದೆ. ಕಾಯಲು ಕಲಿತವನೇ ಕೇಳಲು ಕಲಿತ.

ದೆಬ್ಯುಸಿಯ ‘ಕ್ಲೇರ್ ದ ಲ್ಯೂನ್’, ಅಂದರೆ ಬೆಳದಿಂಗಳು, 1905ರಲ್ಲಿ ಪ್ರಕಟವಾದ ರಚನೆ. ಮಲಿನೊವ್‌ಸ್ಕಿಯವರ ಚಿತ್ರಗಳಲ್ಲಿ ಬಹು ಜನಪ್ರಿಯವಾದುವುಗಳಲ್ಲಿ ಇದೂ ಒಂದು. ಆರಂಭದಲ್ಲಿ ಎತ್ತರದಲ್ಲಿ ಜೋಡಿ ಪಟ್ಟಿಗಳು ತಡೆದು ತಡೆದು ಇಳಿಯುತ್ತವೆ. ಸುತ್ತಲೂ ಬಹಳಷ್ಟು ಖಾಲಿ ಕಪ್ಪು. ನಡುವಣ ಭಾಗದಲ್ಲಿ ತಳದಿಂದ ತುದಿಗೆ ಏರಿ ಇಳಿಯುವ ಅಲೆಗಳು ತೆರೆ ತುಂಬುತ್ತವೆ. ಮೌನಕ್ಕೂ ಸಂಗೀತದಲ್ಲಿ ಜಾಗವುಂಟೆಂದು ಆ ಖಾಲಿ ಕಪ್ಪು ಹೇಳುವಷ್ಟು ಚೆನ್ನಾಗಿ ಯಾವ ಪಾಠವೂ ಹೇಳಲಾರದು.

ಬಣ್ಣಕ್ಕೆ ಇನ್ನೊಂದು ಉಪಯೋಗವನ್ನೂ ಅವರು ಹುಡುಕಿದ್ದಾರೆ. ಸ್ಥಾಯಿಯ 12 ಸ್ವರಸ್ಥಾನಗಳಿಗೆ 12 ಬಣ್ಣ. ಆದರೆ ಸಾಲಾಗಿ ಅಲ್ಲ; ಷಡ್ಜಕ್ಕೆ ಪಂಚಮ, ಆ ಪಂಚಮಕ್ಕೆ ಮತ್ತೊಂದು ಪಂಚಮ ಎಂಬ ನಂಟಿನ ಚಕ್ರದಲ್ಲಿ. ಹತ್ತಿರದ ನಂಟಿನ ಸ್ವರಗಳಿಗೆ ಹತ್ತಿರದ ಬಣ್ಣ. ಕೃತಿ ಒಂದು ಶ್ರುತಿಯ ಆವರಣದಿಂದ ಇನ್ನೊಂದಕ್ಕೆ ಸರಿದಾಗ ತೆರೆಯ ಬಣ್ಣವೇ ಮಾಗಿದಂತೆ ಬದಲಾಗುತ್ತದೆ.

ಎಲ್ಲರದೂ ಒಂದೇ ದಾರಿಯಲ್ಲ. 2001ರಲ್ಲಿ ಮಾರ್ಟಿನ್ ವಾಟೆನ್‌ಬರ್ಗ್ ಎಂಬವರು ಇಡೀ ಕೃತಿಯನ್ನು ಒಂದು ಗೆರೆಯಾಗಿಸಿ, ಎಲ್ಲಿ ಕೇಳಿದ ಭಾಗ ಎಲ್ಲಿ ಮರುಕಳಿಸಿತೋ ಆ ಎರಡನ್ನೂ ಕಾಮನಬಿಲ್ಲಿನಂಥ ಕಮಾನಿನಿಂದ ಬೆಸೆದು ತೋರಿಸಿದರು. ಮಲಿನೊವ್‌ಸ್ಕಿಯವರದ್ದು ಹಾದಿಯಲ್ಲಿ ಕೈಹಿಡಿದು ನಡೆಸುವ ಚಿತ್ರ. ಇದು ಗುಡ್ಡ ಹತ್ತಿ ಊರನ್ನು ನೋಡುವ ಚಿತ್ರ.

ಚಿತ್ರ ಹೇಳದ್ದು

ಇಷ್ಟು ಹೊಗಳಿದ ಮೇಲೆ ದೋಷವನ್ನೂ ಹೇಳಬೇಕು. ಪಿಯಾನೋದ ಸ್ವರ ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ; ಸುತ್ತಿಗೆ ಬಡಿದು ಹಿಂದೆ ಸರಿದಾಯಿತು, ಇನ್ನು ತಂತಿಯನ್ನು ಪೋಷಿಸುವವರಿಲ್ಲ. ಸಾಮಾನ್ಯ ಪಟ್ಟಿಯೋ ಮೊದಲಿನಿಂದ ಕೊನೆಯ ತನಕ ಒಂದೇ ದಪ್ಪ, ಒಂದೇ ಬಣ್ಣ. ಅಂದರೆ ಚಿತ್ರ ಅಷ್ಟರ ಮಟ್ಟಿಗೆ ಸುಳ್ಳು. ಪೆಡಲ್ ತುಳಿದಾಗ ಸ್ವರಗಳು ಒಂದರೊಳಗೊಂದು ಕರಗುವ ಮಾಯೆ ಪಟ್ಟಿಗಳಲ್ಲಿ ಸರಿಯಾಗಿ ಕಾಣದು. ನಮ್ಮ ಗಾಯನಕ್ಕೆ ಇದೇ ಪಟ್ಟಿಗಳನ್ನು ಹೊಂದಿಸಹೊರಟರೆ ತೋಡಿಯ ಗಾಂಧಾರ ಎಲ್ಲಿ ಕುಳಿತೀತು? ಅದಕ್ಕೆ ಪಟ್ಟಿ ಸಾಲದು, ಬಾಗಿ ಬಳುಕುವ ಗೆರೆಯೇ ಬೇಕು.

ಇನ್ನೊಂದು ಆಕ್ಷೇಪ ಸಂಗೀತಗಾರರದ್ದು. ಕಣ್ಣು ದರ್ಪದ ಇಂದ್ರಿಯ; ಅದು ಕೆಲಸಕ್ಕಿಳಿದರೆ ಕಿವಿ ಸೋಮಾರಿಯಾಗುತ್ತದೆ, ಮುಂದೆ ಬರುವುದನ್ನು ಮೊದಲೇ ಕಂಡುಬಿಟ್ಟರೆ ಅಚ್ಚರಿಗೆ ಎಡೆಯೆಲ್ಲಿ ಎಂದು. ಈ ಮಾತಿನಲ್ಲಿ ತಥ್ಯವಿದೆ ಎಂದು ನಾವೂ ಒಪ್ಪುತ್ತೇವೆ.

ಆದರೆ ಎಲ್ಲಕ್ಕಿಂತ ದೊಡ್ಡ ಮಾತು ಬೇರೆ ಇದೆ. ಬೀಥೋವನ್ ತನ್ನ ಕೊನೆಯ ಪಿಯಾನೋ ಸೊನಾಟಾವನ್ನು 1822ರಲ್ಲಿ ಮುಗಿಸಿದ. ಆ ಹೊತ್ತಿಗೆ ಅವನ ಕಿವಿ ಬಹುಮಟ್ಟಿಗೆ ಕೆಟ್ಟಿತ್ತು. ಹಾಗಾದರೆ ಆ ಸಂಗೀತ ಅವನಿಗೆ ಎಲ್ಲಿ ಕೇಳಿಸಿತು? ಲಿಪಿಯಲ್ಲಿ. ಐದು ಗೆರೆಗಳ ಮೇಲಿನ ಆ ಕಪ್ಪು ಚುಕ್ಕೆಗಳು ಅವನ ಮನಸ್ಸಿನಲ್ಲಿ ನುಡಿಯುತ್ತಿದ್ದುವು. ಬಣ್ಣದ ಪಟ್ಟಿಗಳನ್ನು ಸದ್ದಿಲ್ಲದೆ ನೋಡಿದರೆ ನಮಗೆ ಏನೂ ಕೇಳಿಸದು. ಅವುಗಳನ್ನು ಮುಂದಿಟ್ಟುಕೊಂಡು ಒಂದು ಫ್ಯೂಗ್ ನುಡಿಸುವುದೂ ಸುಲಭವಲ್ಲ. ಕೇಳುತ್ತಿರುವವನಿಗೆ ಚಿತ್ರ ತೋರಿಸುತ್ತದೆ. ಕೇಳದಿರುವಾಗಲೂ ಲಿಪಿ ನುಡಿಯುತ್ತದೆ. ಬಾಖ್ ತೀರಿಕೊಂಡದ್ದು 1750ರಲ್ಲಿ. ಧ್ವನಿಮುದ್ರಣವಿಲ್ಲದ ಕಾಲದ ಆ ಸಂಗೀತ ನಮ್ಮ ಪಾಲಿಗೆ ಬಂದದ್ದು ಲಿಪಿ ಬಲ್ಲವರು ಬರೆದಿಟ್ಟು, ಲಿಪಿ ಬಲ್ಲವರು ಓದಿ ನುಡಿಸಿದ್ದರಿಂದ.

ನಮಗಿದು ಏಕೆ?

ಪಿಯಾನೋದ ಮಾತು ನಮಗೇಕೆ ಎಂದು ಕೇಳುವ ಓದುಗರಿಗೆ ಒಂದು ಸಂಗತಿ. ಈ ಗಡಿನಾಡಿನ ಅನೇಕ ಕನ್ನಡ ಮನೆಗಳಲ್ಲಿ ಇಂದು ಮಕ್ಕಳು ಭಾಷೆಯನ್ನು ಕಿವಿಯಿಂದ ಮಾತ್ರ ಬಲ್ಲರು. ಅಜ್ಜಿ ಹೇಳಿದ ಕಥೆ ತಿಳಿಯುತ್ತದೆ, ಆಟದ ರಂಗಸ್ಥಳದಲ್ಲಿ ಅರ್ಥಧಾರಿ ಆಡಿದ ಮಾತಿಗೆ ನಗು ಬರುತ್ತದೆ. ಅದೇ ಮಾತು ಅಚ್ಚಾಗಿ ಬಂದರೆ ಓದಲಾರರು. ಶಾಲೆಯಲ್ಲಿ ಕಲಿತ ಲಿಪಿ ಬೇರೆ. ಅವರಿಗಾಗಿ ಹಿರಿಯರು ವಿಡಿಯೋ ತೋರಿಸುತ್ತಾರೆ, ಹಾಡು ಕೇಳಿಸುತ್ತಾರೆ. ಒಳ್ಳೆಯದೇ, ಬಾಗಿಲು ತೆರೆಯುವುದು ಹಾಗೆಯೇ. ಲಿಪಿ ಬಾರದೆಂದು ಯಾರನ್ನೂ ಹೊರಗೆ ನಿಲ್ಲಿಸಬಾರದು ಎಂಬುದೇ ಮಲಿನೊವ್‌ಸ್ಕಿಯವರ ಪಟ್ಟಿಗಳು ಕಲಿಸಿದ ಪಾಠ. ಆದರೆ ಬಾಗಿಲು ತೆರೆದಾಕ್ಷಣ ಕೆಲಸ ಮುಗಿಯಲಿಲ್ಲ. ಆಡುವವರು ಎದುರಿಗಿರುವ ತನಕ ಕಿವಿ ಸಾಕು. ಅವರಿಲ್ಲದ ದಿನಕ್ಕೆ ಅಕ್ಷರ ಬೇಕು. ದಿನಕ್ಕೆ ಅರ್ಧ ಗಂಟೆ ಮಗುವನ್ನು ಪಕ್ಕದಲ್ಲಿ ಕುಳ್ಳಿರಿಸಿ ಅಕ್ಷರ ತಿದ್ದಿಸುವ ತಾಯ್ತಂದೆಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಸಕ್ತರಿಗೆ ಒಂದು ಸಲಹೆ. ಬಾಖ್‌ನ ಆ ಪುಟ್ಟ ಪ್ರಿಲ್ಯೂಡನ್ನೇ ಆರಿಸಿಕೊಳ್ಳಿ; ಎರಡು ನಿಮಿಷದ ಆಸುಪಾಸಿನ ರಚನೆ. ಮೊದಲ ಸಲ ಮಕ್ಕಳೊಂದಿಗೆ ಕಣ್ಣು ಮುಚ್ಚಿ ಕೇಳಿರಿ. ಎರಡನೆಯ ಸಲ ಚಿತ್ರವನ್ನು ನೋಡುತ್ತಾ ಕೇಳಿರಿ. ಮೆಟ್ಟಿಲು ಎಲ್ಲಿ ಬದಲಾಯಿತು, ತಳದ ಪಟ್ಟಿ ಎಲ್ಲಿ ನಿಂತಿತು ಎಂದು ಮಕ್ಕಳೇ ಹೇಳಲಿ. ಮೂರನೆಯ ಸಲ ಮತ್ತೆ ಕಣ್ಣು ಮುಚ್ಚಿರಿ. ಮೊದಲ ಸಲಕ್ಕೂ ಮೂರನೆಯ ಸಲಕ್ಕೂ ಎಷ್ಟು ಅಂತರವಿದೆಯೋ, ಚಿತ್ರದಿಂದಾದ ಲಾಭ ಅಷ್ಟು. ನಮ್ಮ ಮಟ್ಟಿಗೆ ಆ ಅಂತರ ಸಣ್ಣದಾಗಿರಲಿಲ್ಲ.